ಮಂಗನ ಕಾಯಿಲೆ: ಜನವರಿಯ ಗಡಿಬಿಡಿಯ ಕೆಲಸ ಜುಲೈನಲ್ಲೇ ಶುರುವಾಗಬೇಕು

ದರಕು_ಬುಟ್ಟಿ

ಕೆಎಫ್‌ಡಿ (ಕ್ಯಾಸನೂರು ಕಾಡಿನ ಕಾಯಿಲೆ, ಅಂದರೆ ಮಂಗನ ಕಾಯಿಲೆ) ಬಗ್ಗೆ ಪ್ರತಿ ವರ್ಷ ಸಂಕ್ರಾಂತಿ ಹೊತ್ತಿಗೆ ಅವೇ ಪ್ರಶ್ನೆ ಹತ್ತು ಕಡೆ ಏಳುತ್ತವೆ, ಉತ್ತರವೂ ಹತ್ತು ಥರ. ಈ ಸಲ ಎಲ್ಲ ಒಂದೇ ಎಳೆಯಲ್ಲಿ ಇರಲಿ. ಮಂಗ ಸತ್ತಿದ್ದು ಕಂಡರೆ ಮೊದಲು ಏನು ಮಾಡಬೇಕು? ಎಣ್ಣೆ ಹಚ್ಚಿಕೊಂಡರೆ ಸಾಕೇ? ದನಗಳಿಗೆ ಉಣುಗಿನ ಔಷಧ ಯಾವಾಗ ಕೊಡಬೇಕು? ಲಸಿಕೆ ಎಲ್ಲಿಗೆ ಬಂತು? ಕೆಲಸ ಗೊತ್ತಿರುವವರು ಬರೆಯಿರಿ. ವಾಟ್ಸಾಪಿನಲ್ಲಿ ಬಂದದ್ದನ್ನು ಇಲ್ಲಿಗೆ ತಂದು ಸುರಿಯಬೇಡಿ.

ಕಾನಂಚು

ಮೊದಲು ಉಣುಗಿನ ವರ್ಷಚಕ್ರ ತಲೆಗೆ ಹೋಗಬೇಕು. ಅದು ಹೋಗದಿದ್ದರೆ ಉಳಿದದ್ದೆಲ್ಲ ಬಾಯಿಪಾಠ.

ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲಾಗಿ ಸತ್ತು, ಸುತ್ತಲಿನ ಹಳ್ಳಿಗಳಲ್ಲಿ ಜ್ವರ ಎದ್ದದ್ದು 1957ರಲ್ಲಿ. ಮಂಗ ಸಾಯುತ್ತಿವೆ ಎಂದಾಕ್ಷಣ ಹಳದಿ ಜ್ವರ ಭಾರತಕ್ಕೆ ಕಾಲಿಟ್ಟಿತೇ ಎಂಬ ಭಯ ಹುಟ್ಟಿತ್ತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದ (ಈಗಿನ ರಾಷ್ಟ್ರೀಯ ವೈರಾಣು ಸಂಸ್ಥೆ, ಎನ್‌ಐವಿ) ಟೆಲ್‌ಫರ್ಡ್ ವರ್ಕ್, ಹೆರಾಲ್ಡ್ ಟ್ರಾಪಿಡೊ ತಂಡಕ್ಕೆ ಸಿಕ್ಕಿದ್ದು ಬೇರೆಯದೇ ವೈರಸ್. ರಷ್ಯಾದ ಉಣುಗುಜ್ವರಗಳ ವೈರಸ್‌ಗಳಿಗೆ ಹತ್ತಿರದ ನೆಂಟ, ಹರಡುವುದು ಸೊಳ್ಳೆಯಿಂದಲ್ಲ, ಉಣುಗಿನಿಂದ.

ಮುಖ್ಯ ವಾಹಕ ಹೀಮಾಫೈಸಾಲಿಸ್ ಸ್ಪಿನಿಜೆರಾ. ಇದು ಮೂರು ಆತಿಥೇಯರ ಉಣುಗು. ಮರಿ ಒಂದು ಪ್ರಾಣಿಯ ಮೇಲೆ ರಕ್ತ ಕುಡಿದು ನೆಲಕ್ಕೆ ಬೀಳುತ್ತದೆ, ಪೊರೆ ಕಳಚಿ ನಿಂಫ್ ಆಗುತ್ತದೆ. ನಿಂಫ್ ಎರಡನೇ ಪ್ರಾಣಿಯನ್ನು ಹತ್ತಿ ಇಳಿದು ದೊಡ್ಡ ಉಣುಗಾಗುತ್ತದೆ. ದೊಡ್ಡದು ಮೂರನೆಯದನ್ನು ಹತ್ತುತ್ತದೆ, ನಮ್ಮಲ್ಲಿ ಅದು ಹೆಚ್ಚಾಗಿ ಬೆಟ್ಟಕ್ಕೆ ಮೇಯಲು ಹೋಗುವ ದನ. ದೊಡ್ಡ ಉಣುಗು ಏರುವುದು ಮಳೆಗಾಲದಲ್ಲಿ, ಜೂನ್‌ನಿಂದ. ಹೊಟ್ಟೆ ತುಂಬಿದ ಹೆಣ್ಣು ನೆಲಕ್ಕೆ ಬಿದ್ದು ಮೊಟ್ಟೆಯಿಡುತ್ತದೆ. ಮಳೆ ಬಿಟ್ಟ ಮೇಲೆ, ಅಕ್ಟೋಬರ್ ಸುಮಾರಿಗೆ, ಮರಿಗಳು. ನವೆಂಬರ್ ಕೊನೆ, ಡಿಸೆಂಬರ್‌ನಿಂದ ನಿಂಫ್. ಮನುಷ್ಯನಿಗೆ ಕಾಯಿಲೆ ತರುವುದು ಬಹುಪಾಲು ಈ ನಿಂಫ್. ಎಳ್ಳುಕಾಳಿಗಿಂತ ಚಿಕ್ಕದು, ಕಚ್ಚಿದರೂ ನೋಯುವುದಿಲ್ಲ, ಎಷ್ಟೋ ಜನಕ್ಕೆ ಕಚ್ಚಿದ್ದೇ ಗೊತ್ತಿರುವುದಿಲ್ಲ.

ಈಗ ಇದರ ಪಕ್ಕದಲ್ಲಿ ನಮ್ಮ ಕೆಲಸದ ಪಟ್ಟಿ ಇಡಿ. ಅಡಿಕೆ ಗೊನೆ ಕೊಯ್ಲು, ಸೌದೆ, ದರಕು (ಉದುರಿದ ಒಣ ಎಲೆ) ಗುಡಿಸುವುದು, ಗೇರುಬೀಜ ಹೆಕ್ಕುವುದು. ಎಲ್ಲವೂ ಡಿಸೆಂಬರ್‌ನಿಂದ ಮೇ ಒಳಗೆ. ಪ್ರಕರಣಗಳು ಬರುವುದೂ ಅದೇ ತಿಂಗಳುಗಳಲ್ಲಿ. ಆದ್ದರಿಂದ ಜನವರಿಯಲ್ಲಿ ಮಾಡುವುದೆಲ್ಲ ಆಗಲೇ ನೆಲದಲ್ಲಿರುವ ನಿಂಫ್‌ನಿಂದ ತಪ್ಪಿಸಿಕೊಳ್ಳುವ ಉಪಾಯ ಮಾತ್ರ. ಸಂಖ್ಯೆ ಇಳಿಸುವ ಕೆಲಸಕ್ಕೆ ಕಾಲ ಮಳೆಗಾಲ.

ಘಟ್ಟದ_ಕೆಳಗೆ

ಹಾಗಾದರೆ ಊರ ಸುತ್ತಲಿನ ಮಂಗಗಳನ್ನು ಹಿಡಿದು ದೂರದ ಕಾಡಿಗೆ ಬಿಟ್ಟರೆ ಮುಗಿಯಿತಲ್ಲ? ಹೇಗೂ ತೋಟ ಹಾಳುಮಾಡುತ್ತವೆ.

ಕಾನಂಚು

ಮುಗಿಯುವುದಿಲ್ಲ, ಹರಡುತ್ತದೆ. ವೈರಸ್ ವರ್ಷಪೂರ್ತಿ ಉಳಿಯುವುದು ಕಾಡಿನ ಇಲಿ, ಮೂಗಿಲಿಯಂಥ ಸಣ್ಣ ಪ್ರಾಣಿಗಳಲ್ಲಿ ಮತ್ತು ಉಣುಗಿನಲ್ಲೇ. ಮರಿಯಾಗಿದ್ದಾಗ ಸೋಂಕು ತಗುಲಿದ ಉಣುಗು ಪೊರೆ ಕಳಚಿ ನಿಂಫ್ ಆದಾಗಲೂ ವೈರಸ್ ಅದರೊಳಗೆ ಇರುತ್ತದೆ. ಮುಸಿಯ ಮತ್ತು ಕೆಂಪುಮೋರೆಯ ಕೋತಿ ಎರಡಕ್ಕೂ ಈ ರೋಗ ಮಾರಕ. ಅವುಗಳ ರಕ್ತದಲ್ಲಿ ವೈರಸ್ ವಿಪರೀತ ಏರುತ್ತದೆ, ಆ ಹೊತ್ತಿನಲ್ಲಿ ಕಚ್ಚಿಕೊಂಡಿದ್ದ ನೂರಾರು ಮರಿ ಉಣುಗುಗಳಿಗೆ ಒಟ್ಟಿಗೇ ಸೋಂಕು ತಗುಲುತ್ತದೆ. ಮಂಗ ಸತ್ತು ಮೈ ತಣ್ಣಗಾದ ಕೂಡಲೇ ಅವೆಲ್ಲ ಅಲ್ಲೇ ಇಳಿಯುತ್ತವೆ.

ಇಳಿದ ಮರಿ ನಿಂಫ್ ಆಗಿ ಮತ್ತೆ ಹಸಿಯಲು ದಿನಗಳು ಹಿಡಿಯುತ್ತವೆ. ಹೆಣ ಎತ್ತಿದ ಮರುದಿನ "ಏನೂ ಆಗಲಿಲ್ಲ" ಎಂದು ಜನ ಅದೇ ದಾರಿ ಹಿಡಿಯುತ್ತಾರೆ. ಆ ಜಾಗ ಅಪಾಯಕಾರಿಯಾಗುವುದು ಮುಂದಿನ ವಾರಗಳಲ್ಲಿ. ಸೋಂಕಿರುವ ಮಂಗವನ್ನು ಹಿಡಿದು ಇನ್ನೊಂದು ಕಾಡಿಗೆ ಬಿಟ್ಟರೆ ಅಲ್ಲೂ ಇದೇ ನಡೆಯುತ್ತದೆ. ಕಲ್ಲು ಹೊಡೆದು ಓಡಿಸಿದರೂ ಅಷ್ಟೇ, ಹಿಂಡು ಚದುರಿ ಹತ್ತು ಕಡೆ ಸಾಯುತ್ತವೆ. ಇನ್ನೊಂದು ನಷ್ಟವೂ ಇದೆ. ಮಂಗ ಇಲ್ಲದಿದ್ದರೆ ಸೂಚನೆ ಕೊಡುವವರೇ ಇಲ್ಲ, ಮೊದಲ ಪ್ರಕರಣ ಮನುಷ್ಯರಲ್ಲೇ ಗೊತ್ತಾಗುತ್ತದೆ.

ಪಂಚನಾಮೆ

ಸತ್ತ ಮಂಗದ ವಿಷಯಕ್ಕೆ ಬರುತ್ತೇನೆ.

ಕಂಡವರ ಕೆಲಸ: ಹತ್ತಿರ ಹೋಗಬೇಡಿ, ಕೋಲಿನಿಂದ ತಿರುಗಿಸಬೇಡಿ. ದೂರದಿಂದ ಫೋಟೊ, ಜಾಗದ ಲೊಕೇಶನ್. ಪ್ರಾಥಮಿಕ ಆರೋಗ್ಯ ಕೇಂದ್ರ ಅಥವಾ ಆಶಾ ಕಾರ್ಯಕರ್ತೆಗೆ ಒಂದು ಕರೆ, ಅರಣ್ಯ ಇಲಾಖೆಯ ಗಾರ್ಡ್‌ಗೆ ಇನ್ನೊಂದು. ನಾಯಿಗಳನ್ನು ಕಟ್ಟಿಹಾಕಿ. ಯಾರಾದರೂ ಬರುವತನಕ ಆ ದಾರಿಗೆ ಒಂದು ಕೊಂಬೆ ಅಡ್ಡ ಹಾಕಿದರೂ ಸಾಕು. ಸಂಜೆ ಕಂಡದ್ದನ್ನು ನಾಳೆ ಹೇಳಿದರಾಯಿತು ಎನ್ನುವುದೇ ದೊಡ್ಡ ತೊಂದರೆ. ನಮ್ಮ ಸೆಕೆಯಲ್ಲಿ ಒಂದು ದಿನ ಕಳೆದರೆ ಅಂಗಾಂಶ ಕೊಳೆತು ಮಾದರಿ ಕೆಲಸಕ್ಕೆ ಬಾರದೆ ಹೋಗುತ್ತದೆ. ಆಗ "ಕೆಎಫ್‌ಡಿ ಅಲ್ಲ" ಎಂದು ಯಾರೂ ಹೇಳಲಾರರು, "ಗೊತ್ತಾಗಲಿಲ್ಲ" ಎಂದಷ್ಟೇ ಹೇಳಬಹುದು. ಊರಿನಲ್ಲಿ ಮಾತ್ರ ಅದು "ಅಲ್ಲವಂತೆ" ಎಂದೇ ಸುದ್ದಿಯಾಗುತ್ತದೆ.

ತಂಡದ ಕೆಲಸ: ಮೈಪೂರ್ತಿ ಕವರಾಲ್, ಎನ್95, ಕನ್ನಡಕ, ಎರಡು ಜೊತೆ ಗ್ಲೌಸ್, ಗಮ್‌ಬೂಟ್. ಕವರಾಲ್‌ನ ಕಾಲು ಬೂಟಿನ ಹೊರಗೆ ಬಿಟ್ಟರೆ ಉಣುಗಿಗೆ ಒಳಗೆ ದಾರಿ ಸಿಕ್ಕಿತು, ಆದ್ದರಿಂದ ಸಂದಿಗೆ ಟೇಪ್ ಸುತ್ತಿ. ಉಣುಗುನಿರೋಧಕ ಎಣ್ಣೆ ಕವರಾಲ್ ಒಳಗಿನ ಚರ್ಮಕ್ಕೂ ಬೇಕು. ಪಶುವೈದ್ಯರು ಮಿದುಳು, ಯಕೃತ್ತು, ಶ್ವಾಸಕೋಶ, ಹೃದಯ, ಮೂತ್ರಪಿಂಡದ ತುಂಡುಗಳನ್ನು ಬೇರೆ ಬೇರೆ ಡಬ್ಬಿಗೆ ಹಾಕಿ ಐಸ್‌ಪ್ಯಾಕ್ ಜೊತೆ ಕಳಿಸುತ್ತಾರೆ. ಫಾರ್ಮಾಲಿನ್‌ನಲ್ಲಿ ಮುಳುಗಿಸಿಟ್ಟರೆ ವೈರಸ್ ಬೆಳೆಸುವ ದಾರಿ ಮುಚ್ಚಿತು, ಪಿಸಿಆರ್‌ಗೂ (ವೈರಸ್ ಪತ್ತೆಯ ಪರೀಕ್ಷೆ) ತೊಡಕು.

ಹೆಣ ಹೂಳುವುದಕ್ಕಿಂತ ಸುಡುವುದು ಮೇಲು. ಅರ್ಧ ಆಳದ ಗುಂಡಿಯನ್ನು ಹಂದಿಯೋ ನಾಯಿಯೋ ಅದೇ ರಾತ್ರಿ ಬಗೆದಿರುತ್ತದೆ. ಸುಡುವಾಗ ಒಣಸೌದೆ ಸಾಕಷ್ಟಿರಲಿ, ಪೂರ್ತಿ ಬೂದಿಯಾಗುವತನಕ ಒಬ್ಬರು ಅಲ್ಲೇ ಇರಲಿ. ಬೇಸಿಗೆಯ ಕಾಡು, ಬೆಂಕಿ ಹಾರಿದರೆ ಬೇರೆಯದೇ ಅನಾಹುತ.

ಗುಂಟೆ_ಲೆಕ್ಕ

ಇದಕ್ಕೆ ಸೇರಿಸಬೇಕಾದ ಒಂದು ಲೆಕ್ಕ. ಹೆಣ ಬಿದ್ದ ಜಾಗದ ಸುತ್ತ 50 ಅಡಿವರೆಗೆ ಮೆಲಾಥಿಯಾನ್ ಎಂಬ ಕೀಟನಾಶಕ ಪುಡಿ ಹಾಕುವುದು ರೂಢಿ. 50 ಅಡಿ ಎಂದರೆ ವ್ಯಾಸವಲ್ಲ, ತ್ರಿಜ್ಯ. ವೃತ್ತದ ವಿಸ್ತೀರ್ಣ ಸುಮಾರು 730 ಚದರ ಮೀಟರ್, ಅಂದರೆ 7 ಗುಂಟೆಗೂ ಮೇಲೆ. ಒಂದು ಸಣ್ಣ ಪೊಟ್ಟಣ ತಂದು ಹೆಣವಿದ್ದಲ್ಲಿ ರಂಗೋಲಿ ಹಾಕಿ ಹೋದರೆ ಆ ವಿಸ್ತೀರ್ಣದ ಹತ್ತನೇ ಒಂದು ಪಾಲೂ ಆಗಿರುವುದಿಲ್ಲ. ಹಗ್ಗ ಕಟ್ಟಿ ಅಳೆದು ಗುರುತು ಮಾಡಿ, ಹೊರಗಿನಿಂದ ಒಳಕ್ಕೆ ಸುತ್ತಿ ಬನ್ನಿ.

ಇನ್ನೊಂದು ದೋಷ ದಪ್ಪ ದರಕಿನ ಮೇಲೆಯೇ ಪುಡಿ ಎರಚುವುದು. ಉಣುಗು ಇರುವುದು ಎಲೆಯ ಅಡಿಯ ತೇವದಲ್ಲಿ, ಪುಡಿ ಮೇಲಿನ ಪದರದಲ್ಲೇ ನಿಲ್ಲುತ್ತದೆ. ಉದ್ದ ಹಿಡಿಯ ಹಲ್ಲುಕುಂಟೆಯಿಂದ ಮೇಲುಪದರ ಸಡಿಲಿಸಿ ಹಾಕಬೇಕು, ಸಡಿಲಿಸುವವರೂ ಪೂರ್ತಿ ಕವಚದಲ್ಲಿರಬೇಕು. ಹಳ್ಳದ ಅಂಚಿದ್ದರೆ ಬಿಡಿ, ಮೀನಿಗೆ ವಿಷ. ಜೇನುಪೆಟ್ಟಿಗೆ ಇದ್ದರೆ ಮೊದಲೇ ಸರಿಸಿ. ಇಡೀ ಕಾಡಿಗೆ ಪುಡಿ ಹೊಡೆಯಿರಿ ಎಂಬ ಬೇಡಿಕೆ ಪ್ರತಿ ವರ್ಷ ಬರುತ್ತದೆ. ಅದು ಆಗದ ಮಾತು, ಆಗಲೂ ಬಾರದು. ಸಾವಿನ ಜಾಗ, ಜನ ನಡೆಯುವ ಕಾಲುದಾರಿಯ ಎರಡು ಬದಿ, ಇಷ್ಟಕ್ಕೆ ಅರ್ಥವಿದೆ.

ಗೋಮಾಳ

ದನಗಳ ವಿಷಯ. ದನಕ್ಕೆ ಕೆಎಫ್‌ಡಿ ಬರುವುದಿಲ್ಲ ಎನ್ನುವಷ್ಟು ಕಡಿಮೆ, ಅದರ ರಕ್ತದಿಂದ ಉಣುಗಿಗೆ ವೈರಸ್ ದಾಟುವುದೂ ಲೆಕ್ಕಕ್ಕಿಲ್ಲ. ಹಾಲಿನ ಬಗ್ಗೆ ಗಾಬರಿ ಬೇಡ, ಹೇಗೂ ಕಾಯಿಸಿಯೇ ಕುಡಿಯುತ್ತೇವೆ. ದನದ ಪಾತ್ರ ಬೇರೆ: ದೊಡ್ಡ ಉಣುಗಿಗೆ ಊಟ ಹಾಕಿ ಸಂತತಿ ಬೆಳೆಸುವುದು. ಅದಕ್ಕೇ ಔಷಧ ಕೊಡಬೇಕಾದದ್ದು ದೊಡ್ಡ ಉಣುಗು ದನದ ಮೇಲಿರುವ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಜನವರಿಯ ಶಿಬಿರದಲ್ಲಿ ಹಚ್ಚಿದ ಔಷಧದಿಂದ ದನಕ್ಕೆ ಆರಾಮ ಸಿಗಬಹುದು, ಆ ವರ್ಷದ ನಿಂಫ್ ಒಂದೂ ಕಡಿಮೆಯಾಗುವುದಿಲ್ಲ.

ಬೆನ್ನ ಮೇಲೆ ಸುರಿಯುವ ಫ್ಲುಮೆಥ್ರಿನ್ 1% ದ್ರಾವಣಕ್ಕೆ ಲೆಕ್ಕ 10 ಕೆಜಿ ತೂಕಕ್ಕೆ 1 ಮಿಲಿ. ಭುಜದಿಂದ ಬಾಲದ ಬುಡದವರೆಗೆ ಬೆನ್ನೆಲುಬಿನ ಗುಂಟ ಒಂದೇ ಗೆರೆ. 300 ಕೆಜಿಯ ಜರ್ಸಿ ಮಿಶ್ರತಳಿಗೆ 30 ಮಿಲಿ, 120 ಕೆಜಿಯ ಮಲೆನಾಡು ಗಿಡ್ಡಕ್ಕೆ 12 ಮಿಲಿ. ಎರಡಕ್ಕೂ ಒಂದೇ ಅಳತೆ ಸುರಿಯುವುದನ್ನು ಬಿಡಿ. ಮಳೆಗಾಲದಲ್ಲಿ ಇದರ ಕಷ್ಟ ಎಂದರೆ ಒದ್ದೆ ಮೈಗೆ ಹಿಡಿಯುವುದಿಲ್ಲ. ಕೊಟ್ಟಿಗೆಯಲ್ಲಿ ಕಟ್ಟಿ, ಮೈ ಒಣಗಿಸಿ, ಸಂಜೆ ಹಾಕಿ, ರಾತ್ರಿ ಒಳಗೇ ಇರಲಿ. ಐವರ್‌ಮೆಕ್ಟಿನ್ ಚುಚ್ಚುಮದ್ದು ಹಾಲು ಕರೆಯುವ ಹಸುವಿಗೆ ಬೇಡ, ಔಷಧ ಹಾಲಿಗೆ ಇಳಿಯುತ್ತದೆ. ಡೆಲ್ಟಾಮೆಥ್ರಿನ್ ಕಲಸಿದ ನೀರಿನಿಂದ ತೊಳೆದರೆ ಆ ನೀರು ಹಳ್ಳಕ್ಕೆ ಹೋಗದಂತೆ ನೋಡಿ.

ದನದ ಕೆಚ್ಚಲ ಬುಡದಲ್ಲಿ ನೇತಾಡುವ ದಪ್ಪ ಬೂದು ಉಣುಗು ಕಂಡು "ಇದೇ ಮಂಗನ ಕಾಯಿಲೆದು" ಎಂದು ಹೆದರುವವರಿಗೆ: ಅದು ಬಹುಪಾಲು ಬೂಫಿಲಸ್ ಜಾತಿ, ಮರಿಯಿಂದ ದೊಡ್ಡದಾಗುವತನಕ ಒಂದೇ ದನದ ಮೇಲೆ ಬೆಳೆಯುವಂಥದ್ದು. ಕೆಎಫ್‌ಡಿಗೆ ಅದು ವಾಹಕವಲ್ಲ.

ದರಕು_ಬುಟ್ಟಿ

ಮೈಗೆ ಹಚ್ಚುವ ಉಣುಗುನಿರೋಧಕ ಎಣ್ಣೆ ಬಗ್ಗೆ ಯಾರಾದರೂ? ಮೊದಲು ಡಿಎಂಪಿ ಕೊಡುತ್ತಿದ್ದರು, ಈಗ ಡೆಪಾ.

ಉಪಕೇಂದ್ರ

ಡಿಎಂಪಿಯ ಜಾಗಕ್ಕೆ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒ ರೂಪಿಸಿದ ಡೆಪಾ ಬಂದಿದೆ, ಆರೋಗ್ಯ ಕೇಂದ್ರಗಳಲ್ಲಿ ಕೊಡುತ್ತಾರೆ. ಒಳ್ಳೆಯದೇ, ಆದರೆ ಹಚ್ಚುವ ರೀತಿ ತಪ್ಪುತ್ತದೆ. ಕೈಗೂ ಮುಖಕ್ಕೂ ಸವರಿಕೊಂಡು ಹೊರಡುತ್ತಾರೆ. ಉಣುಗು ಹಾರುವುದಿಲ್ಲ, ಮೇಲಿನಿಂದ ಬೀಳುವುದಿಲ್ಲ. ನೆಲದಿಂದ, ಗಿಡದ ತುದಿಯಿಂದ ಕಾಲಿಗೆ ಹತ್ತಿ ಮೇಲೇರುತ್ತದೆ. ಆದ್ದರಿಂದ ಪಾದ, ಹಿಮ್ಮಡಿ, ಮೀನಖಂಡ, ಮಂಡಿಯ ಹಿಂಭಾಗ ಮೊದಲು. ಆಮೇಲೆ ಸೊಂಟ, ಕೈ, ಕತ್ತು. ಕಣ್ಣು, ಬಾಯಿ, ಗಾಯ ಬಿಡಿ. ಬೆವರಿದರೆ ಬೇಗ ಹೋಗುತ್ತದೆ, ಬೆಳಿಗ್ಗೆ ಏಳಕ್ಕೆ ಹಚ್ಚಿದ್ದು ಮಧ್ಯಾಹ್ನದ ಹೊತ್ತಿಗೆ ಇಲ್ಲ ಎಂದೇ ಎಣಿಸಿ. ಬಾಟಲಿ ಜೊತೆಯಲ್ಲಿರಲಿ, ಬುತ್ತಿ ಬಿಚ್ಚುವ ಮುಂಚೆ ಕೈ ಸಾಬೂನಿನಿಂದ ತೊಳೆಯಿರಿ.

ಪ್ಯಾಂಟಿನ ಕಾಲನ್ನು ಕಾಲುಚೀಲದೊಳಗೆ ತುರುಕಿ, ತಿಳಿಬಣ್ಣದ ಬಟ್ಟೆ ಹಾಕಿ, ಕಪ್ಪು ಚುಕ್ಕೆ ಹರಿದಾಡಿದರೆ ಕಾಣುತ್ತದೆ. ಎಲೆರಾಶಿಯ ಮೇಲೆ ಕೂತು ವಿಶ್ರಾಂತಿ ಬೇಡ. ಮನೆಗೆ ಬಂದ ಮೇಲೆ ಬಟ್ಟೆ ಒಳಗೆ ತರಬೇಡಿ, ನೇರ ಕುದಿನೀರಿಗೆ. ತಣ್ಣೀರಲ್ಲಿ ನೆನೆಸಿಟ್ಟರೆ ಉಣುಗು ಸಾಯುವುದಿಲ್ಲ. ಬಿಸಿನೀರು, ಸಾಬೂನಿನ ಸ್ನಾನ, ಆಮೇಲೆ ಮನೆಯವರು ಒಬ್ಬರನ್ನೊಬ್ಬರು ನೋಡಬೇಕು: ಕಿವಿಯ ಹಿಂದೆ, ಕಂಕುಳು, ಸೊಂಟದ ಪಟ್ಟಿ, ತೊಡೆಸಂದಿ.

ಕಚ್ಚಿಕೊಂಡಿದ್ದರೆ ಚೂಪು ಚಿಮಟದಿಂದ ಚರ್ಮಕ್ಕೆ ಆದಷ್ಟು ಹತ್ತಿರ ಹಿಡಿದು ನೇರ ಮೇಲಕ್ಕೆ, ಒಂದೇ ಸಮ ಎಳೆಯಿರಿ. ಬೀಡಿ ಬೆಂಕಿ, ಸೀಮೆಎಣ್ಣೆ, ಸುಣ್ಣ ಯಾವುದೂ ಬೇಡ. ಉಗುರಿನಲ್ಲಿ ಚಿಟಿಕೆ ಹೊಡೆದು ಸಾಯಿಸುವ ಅಭ್ಯಾಸವಂತೂ ಬೇಡವೇ ಬೇಡ, ಒಡೆದ ಉಣುಗಿನ ರಸ ಬೆರಳಿನ ಬಿರುಕಿಗೆ ಹೋದರೆ ಅದೂ ಸೋಂಕೇ.

ಬಾಸ್ಟನ್_ಸೀಮೆ

ಇಲ್ಲಿ ಅಮೆರಿಕದಲ್ಲಿ ಲೈಮ್ ಕಾಯಿಲೆಯ ಉಣುಗಿಗೆ ಬಟ್ಟೆಗೇ 0.5% ಪರ್ಮೆಥ್ರಿನ್ ಸಿಂಪಡಿಸಿ ಒಣಗಿಸಿ ತೊಡುತ್ತಾರೆ, ಹಲವು ಒಗೆತದವರೆಗೆ ಇರುತ್ತದೆ. ಮರ ಹತ್ತಿ ಅಡಿಕೆ ಕೊಯ್ಯುವ ಕೊನೆಗಾರರಿಗೆ, ಫಾರೆಸ್ಟ್ ವಾಚರ್‌ಗಳಿಗೆ ಇದು ಆಗುವುದಿಲ್ಲವೇ?

ಉಪಕೇಂದ್ರ

ತತ್ವ ಸರಿ, ದಿನವೂ ಕಾಡಿಗೆ ಹೋಗುವವರ ಸಮವಸ್ತ್ರಕ್ಕೆ ಚೆನ್ನ. ಆದರೆ ಅಂಗಡಿಯ ಕೃಷಿ ಪರ್ಮೆಥ್ರಿನ್ ಅಥವಾ ಸೈಪರ್‌ಮೆಥ್ರಿನ್ ತಂದು ಅಂದಾಜಿನಲ್ಲಿ ಕಲಸಿ ಬಟ್ಟೆಗೆ ಹೊಡೆಯಬೇಡಿ, ಅದರ ದ್ರಾವಕ ಚರ್ಮಕ್ಕಲ್ಲ. ಬಟ್ಟೆಗೆಂದೇ ತಯಾರಾದದ್ದು ಮಾತ್ರ. ಒದ್ದೆಯಿರುವಾಗ ಮನೆಯ ಬೆಕ್ಕು ದೂರವಿರಲಿ, ಅದಕ್ಕೆ ಪ್ರಾಣಕ್ಕೇ ಬರುತ್ತದೆ.

ಹೊಸನಗರ_ಬಸ್ಸು

ಎಬೋಲಾ ಥರ ರಕ್ತಸ್ರಾವ ಜ್ವರ ಅಂತಾರಲ್ಲ, ರೋಗಿಯನ್ನು ಬೇರೆ ಕೋಣೆಯಲ್ಲಿ ಇಡಬೇಕೇ? ಪಕ್ಕದೂರಿನಲ್ಲಿ ಆ ಮನೆಯವರಿಗೆ ನೀರು ಕೊಡಲಿಕ್ಕೂ ಹಿಂಜರಿಯುತ್ತಿದ್ದಾರೆ.

ಸೀರಮ್_ಡಬ್ಬಿ

ಬೇಕಿಲ್ಲ. ಕೆಎಫ್‌ಡಿ ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ. ತಟ್ಟೆ, ಲೋಟ, ಉಸಿರು, ಸ್ಪರ್ಶ ಯಾವುದರಿಂದಲೂ ಇಲ್ಲ. ಒಂದೇ ಮನೆಯಲ್ಲಿ ಇಬ್ಬರಿಗೆ ಬಂದರೆ ಇಬ್ಬರೂ ಒಂದೇ ಬೆಟ್ಟಕ್ಕೆ ಹೋಗಿದ್ದರು ಎಂದರ್ಥ. ಜನ ಇದನ್ನು ಕ್ರಿಮಿಯನ್-ಕಾಂಗೊ ಜ್ವರದ ಜೊತೆ ಬೆರೆಸುತ್ತಾರೆ. ಅದೂ ಉಣುಗಿನದ್ದೇ, ಆದರೆ ರೋಗಿಯ ರಕ್ತದಿಂದ ಶುಶ್ರೂಷೆ ಮಾಡುವವರಿಗೆ ಅಂಟುತ್ತದೆ. 2011ರಲ್ಲಿ ಗುಜರಾತಿನಲ್ಲಿ ಮೊದಲು ಪತ್ತೆಯಾದಾಗ ಚಿಕಿತ್ಸೆ ಕೊಟ್ಟ ಸಿಬ್ಬಂದಿಯೇ ಪ್ರಾಣ ಕಳೆದುಕೊಂಡರು. ಕೆಎಫ್‌ಡಿಯಲ್ಲಿ ಎಚ್ಚರ ಬೇಕಾದದ್ದು ಪ್ರಯೋಗಾಲಯದಲ್ಲಿ. ವೈರಸ್ ಬೆಳೆಸುವವರಿಗೆ ಸೋಂಕು ತಗುಲಿದ ದಾಖಲೆಗಳಿವೆ.

ಜ್ವರದ ಬಗ್ಗೆಯೂ ಇಲ್ಲೇ ಬರೆದುಬಿಡುತ್ತೇನೆ. ಕಚ್ಚಿದ 3ರಿಂದ 8 ದಿನಕ್ಕೆ ಇದ್ದಕ್ಕಿದ್ದಂತೆ ಚಳಿಜ್ವರ, ಹಣೆಯ ಭಾಗದ ವಿಪರೀತ ನೋವು, ಮೈಕೈ ನೋವು, ಕಣ್ಣು ಕೆಂಪು, ವಾಂತಿ, ಭೇದಿ. ಬಿಳಿರಕ್ತಕಣ, ಪ್ಲೇಟ್‌ಲೆಟ್ ಇಳಿಯುತ್ತವೆ, ಜ್ವರ ಏರಿದಷ್ಟು ನಾಡಿ ಏರುವುದಿಲ್ಲ. ಕೆಲವರಿಗೆ ಮೂಗು, ವಸಡು, ಕರುಳಿನಿಂದ ರಕ್ತ. ಸಾವಿನ ಪ್ರಮಾಣ ಸುಮಾರು ನೂರಕ್ಕೆ 3ರಿಂದ 5. ಒಂದೆರಡು ವಾರಕ್ಕೆ ಇಳಿದ ಜ್ವರ ಹತ್ತರಲ್ಲಿ ಒಬ್ಬಿಬ್ಬರಿಗೆ ಮೂರನೇ ವಾರದಲ್ಲಿ ಮರಳುತ್ತದೆ, ಆಗ ತಲೆನೋವು, ಕೈನಡುಕ, ಕತ್ತು ಬಿಗಿತ, ಕಣ್ಣು ಮಂಜು. "ವಾಸಿಯಾಯಿತು" ಎಂದು ಮನೆಗೆ ಕಳಿಸುವಾಗ ಈ ಎರಡನೇ ಸುತ್ತಿನ ಬಗ್ಗೆ ಹೇಳಿ ಕಳಿಸದಿರುವುದು ತುಂಬಾ ಸಾಮಾನ್ಯವಾದ ಲೋಪ.

ಪರೀಕ್ಷೆಯಲ್ಲಿ ದಿನದ ಲೆಕ್ಕವೇ ಎಲ್ಲ. ಜ್ವರದ ಮೊದಲ ದಿನಗಳಲ್ಲಿ ಆರ್‌ಟಿ-ಪಿಸಿಆರ್, ಐದನೇ ದಿನ ದಾಟಿದರೆ ಅದರ ಜೊತೆ ಐಜಿಎಂ ಎಲೈಸಾ (ರಕ್ತದಲ್ಲಿ ಪ್ರತಿಕಾಯ ಹುಡುಕುವ ಪರೀಕ್ಷೆ). ಹತ್ತನೇ ದಿನ ಬಂದ ಪಿಸಿಆರ್ ನೆಗೆಟಿವ್ ನಂಬಿ ಫೈಲು ಮುಚ್ಚಬಾರದು, ಎರಡನೇ ದಿನದ ಐಜಿಎಂ ನೆಗೆಟಿವ್ ನಂಬಿಯೂ. ರಕ್ತ 4–5 ಮಿಲಿ, ಸೀರಮ್ ಬೇರ್ಪಡಿಸಿ 2–8 ಡಿಗ್ರಿಯಲ್ಲಿ, ಮೂರು ಪದರದ ಪ್ಯಾಕಿಂಗ್. ಇಡೀ ರಕ್ತವನ್ನೇ ಫ್ರೀಜರಿಗೆ ಹಾಕಿದರೆ ಕಣ ಒಡೆದು ಮಾದರಿ ಹಾಳು. ಚೀಟಿಯಲ್ಲಿ ಜ್ವರ ಶುರುವಾದ ತಾರೀಕು ಬರೆಯದಿದ್ದರೆ ಲ್ಯಾಬಿನವರು ಕುರುಡಾಗಿ ಓದಬೇಕು.

ನಿರ್ದಿಷ್ಟ ಔಷಧವಿಲ್ಲ. ದ್ರವ, ರಕ್ತದೊತ್ತಡದ ಮೇಲೆ ಕಣ್ಣು, ಬೇಕಾದರೆ ರಕ್ತ ಮತ್ತು ಪ್ಲೇಟ್‌ಲೆಟ್. ಜ್ವರಕ್ಕೆ ಪ್ಯಾರಾಸಿಟಮಾಲ್ ಮಾತ್ರ, ಯಕೃತ್ತಿನ ಕಿಣ್ವಗಳು ಏರಿರುವುದರಿಂದ ಅದೂ ಹಿಡಿತದಲ್ಲಿ. ಆಸ್ಪಿರಿನ್, ಐಬುಪ್ರೊಫೆನ್ ಬೇಡ. ಮೈಕೈ ನೋವಿಗೆ ಸೊಂಟಕ್ಕೆ ಡೈಕ್ಲೊಫೆನಾಕ್ ಚುಚ್ಚಿಸಿಕೊಂಡು ಬರುವುದು ಎರಡು ಥರದಲ್ಲಿ ಕೆಟ್ಟದ್ದು: ಔಷಧವೂ ರಕ್ತಸ್ರಾವ ಹೆಚ್ಚಿಸುತ್ತದೆ, ಚುಚ್ಚಿದ ಜಾಗದಲ್ಲೂ ರಕ್ತ ಕಟ್ಟುತ್ತದೆ. ಡೆಂಗಿ, ಇಲಿಜ್ವರ, ಸ್ಕ್ರಬ್ ಟೈಫಸ್ ಮೂರೂ ಹೀಗೇ ಕಾಣುವುದರಿಂದ ಅವುಗಳ ಪರೀಕ್ಷೆಯೂ ಒಟ್ಟಿಗೇ ನಡೆಯಲಿ. ಕೊನೆಯ ಎರಡಕ್ಕೆ ಡಾಕ್ಸಿಸೈಕ್ಲಿನ್ ಕೆಲಸ ಮಾಡುತ್ತದೆ, ವರದಿಗೆ ಕಾದು ಅದನ್ನು ತಡಮಾಡಬಾರದು.

ಘಟ್ಟದ_ಕೆಳಗೆ

ಲಸಿಕೆ ನಿಲ್ಲಿಸಿ ಜನರನ್ನು ನಡುನೀರಲ್ಲಿ ಬಿಟ್ಟರು. ಇಷ್ಟು ವರ್ಷ ಇದ್ದದ್ದು ಒಮ್ಮೆಗೇ ಇಲ್ಲ ಎಂದರೆ?

ಸೀರಮ್_ಡಬ್ಬಿ

ಕೋಪ ಸರಿ. ಆದರೆ ನಿಂತದ್ದಕ್ಕೆ ಕಾರಣವಿದೆ. ಬೆಂಗಳೂರು ಹೆಬ್ಬಾಳದ ಪಶು ಆರೋಗ್ಯ ಮತ್ತು ಜೈವಿಕ ಸಂಸ್ಥೆಯಲ್ಲಿ ಕೋಳಿಭ್ರೂಣದ ಜೀವಕೋಶದಲ್ಲಿ ಬೆಳೆಸಿ, ಫಾರ್ಮಾಲಿನ್‌ನಿಂದ ನಿಷ್ಕ್ರಿಯಗೊಳಿಸಿ ಮಾಡುತ್ತಿದ್ದ ಲಸಿಕೆ ಅದು. ತಿಂಗಳ ಅಂತರದಲ್ಲಿ ಎರಡು ಡೋಸ್, 6ರಿಂದ 9 ತಿಂಗಳಿಗೆ ಬೂಸ್ಟರ್, ಆಮೇಲೆ ವರ್ಷಕ್ಕೊಂದು. 2005–2010ರ ಮಾಹಿತಿ ಆಧರಿಸಿದ ಅಧ್ಯಯನದಲ್ಲಿ ಎರಡು ಡೋಸಿನ ರಕ್ಷಣೆ 62.4%, ಬೂಸ್ಟರ್ ಸೇರಿದರೆ 82.9%. ಎರಡನೇ ಡೋಸಿಗೇ ಜನ ಬಾರದಿದ್ದಾಗ ಬೂಸ್ಟರ್ ಎಲ್ಲಿಂದ? ಚುಚ್ಚಿದ ಜಾಗ ಎರಡು ದಿನ ಉರಿಯುತ್ತಿತ್ತು, ಅದೂ ಕಾರಣ. ಕೊನೆಗೆ ಸಾಮರ್ಥ್ಯ ಪರೀಕ್ಷೆಯಲ್ಲಿ ಬ್ಯಾಚುಗಳು ನಿಲ್ಲಲಿಲ್ಲ, 2022ರಲ್ಲಿ ಬಳಕೆ ಕೈಬಿಟ್ಟರು. ಕೆಲಸ ಮಾಡದ ಲಸಿಕೆ ಕೊಟ್ಟು "ನಿಮಗೇನೂ ಆಗಲ್ಲ" ಎನ್ನುವುದು ಇನ್ನೂ ಅಪಾಯ. ಐಸಿಎಂಆರ್ ಜೊತೆ ಹೈದರಾಬಾದಿನ ಇಂಡಿಯನ್ ಇಮ್ಯುನೊಲಾಜಿಕಲ್ಸ್ ಹೊಸ ಲಸಿಕೆಯ ಕೆಲಸ ನಡೆಸಿದೆ.

ಕಾನಂಚು

ನನ್ನ ತಕರಾರು ಬೇರೆ. ಲಸಿಕೆ ಇದ್ದ ಕಾಲದಲ್ಲೂ ಅದನ್ನು ಪ್ರಕರಣ ಬಂದ ಹಳ್ಳಿಯ ಸುತ್ತ ಹಾಕುತ್ತ ಹೋದರು. ಎರಡನೇ ಡೋಸ್ ಮುಗಿಯುವಷ್ಟರಲ್ಲಿ ಋತುವೇ ಮುಗಿದಿರುತ್ತಿತ್ತು. 2018–19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಜನ ಸಾಯುತ್ತಿದ್ದಾಗ ಹಾಕಿದ ಡೋಸ್ ಯಾರನ್ನು ಎಷ್ಟು ಕಾಪಾಡಿರಬಹುದು? ಹೊಸದು ಬಂದರೂ ಡಿಸೆಂಬರ್‌ಗೆ ರಕ್ಷಣೆ ಸಿಗಬೇಕಾದರೆ ಅಕ್ಟೋಬರ್ ಒಳಗೆ ಎರಡೂ ಡೋಸ್ ಮುಗಿದಿರಬೇಕು.

ರೋಗ ಇದ್ದಲ್ಲೇ ಇಲ್ಲ, ಅದನ್ನೂ ಮರೆಯಬೇಡಿ. ಎಂಬತ್ತರ ದಶಕದಲ್ಲಿ ಬೆಳ್ತಂಗಡಿಯ ನಿಡ್ಲೆ, ಪಟ್ರಮೆ ಕಡೆ ಕಾಡು ಕಡಿದು ಗೇರು ಹಾಕಿದ ಮೇಲೆ ಸಾವಿರ ದಾಟಿದ ಪ್ರಕರಣ ಬಂದವು. ಆಮೇಲೆ ಬಂಡೀಪುರ, ವಯನಾಡು, ಗೋವಾದ ಸತ್ತರಿ, ಮಹಾರಾಷ್ಟ್ರದ ಸಿಂಧುದುರ್ಗ. ಪೂರ್ತಿ ದಟ್ಟ ಕಾಡಿಗಿಂತ ಕಾಡು, ತೋಟ, ಹಕ್ಕಲು ಬೆರೆತ ಅಂಚಿನಲ್ಲೇ ಅಪಾಯ ಹೆಚ್ಚು. ಉಣುಗು, ದನ, ಇಲಿ, ಮಂಗ, ಮನುಷ್ಯ ಎಲ್ಲರೂ ಒಂದೇ ಕಡೆ ಸಿಗುವ ಜಾಗ ಅದು.

ದರಕು_ಬುಟ್ಟಿ

ಕೊನೆಯದು. ದರಕು ತರಬೇಡಿ ಎಂದು ಕರಪತ್ರದಲ್ಲಿ ಬರೆಯುವುದು ಸುಲಭ. ದರಕಿಲ್ಲದೆ ಕೊಟ್ಟಿಗೆ ಹೇಗೆ, ಗೊಬ್ಬರ ಹೇಗೆ?

ಗೋಮಾಳ

ಪೂರ್ತಿ ಬಿಡಿ ಎನ್ನುವುದಕ್ಕಿಂತ ಎಲ್ಲಿಂದ ಎನ್ನುವುದು ಮುಖ್ಯ. ಆ ವರ್ಷ ಮಂಗ ಸತ್ತ ಬೆಟ್ಟ, ನಿಂಫ್‌ನಲ್ಲಿ ವೈರಸ್ ಸಿಕ್ಕಿದೆ ಎಂದು ಇಲಾಖೆ ಹೇಳಿದ ಬೆಟ್ಟ, ಎರಡನ್ನೂ ಆ ಋತುವಿಗೆ ಬಿಡಿ. ನೆಲಹಾಸಿಗೆ ಅಡಿಕೆ ಸೋಗೆ, ಒಣ ಹಾಳೆಯ ಚೂರು, ಭತ್ತದ ಹುಲ್ಲು, ತೆಂಗಿನ ನಾರಿನ ಪುಡಿ ನಡೆಯುತ್ತದೆ. ಹುಲ್ಲು ದುಬಾರಿ ಎಂಬುದು ನಿಜ. ತರಲೇಬೇಕಾದರೆ ತಲೆಹೊರೆ ಬೇಡ, ಉಣುಗುಗಳು ಕತ್ತಿಗೂ ಬೆನ್ನಿಗೂ ನೇರ ಇಳಿಯುತ್ತವೆ. ಗಾಡಿಯಲ್ಲಿ ತಂದು ಮನೆಗೂ ಕೊಟ್ಟಿಗೆಗೂ ದೂರ, ಬಿಸಿಲು ಬೀಳುವ ಅಂಗಳದಲ್ಲಿ ತೆಳ್ಳಗೆ ಹರವಿ. ನಿಂಫ್‌ಗೆ ತೇವ ಬೇಕು, ಬಿರುಬಿಸಿಲಿನ ಒಣ ಎಲೆಯಲ್ಲಿ ಹೆಚ್ಚು ದಿನ ಬಾಳುವುದಿಲ್ಲ. ರಾಶಿ ಹಾಕಿ ಟಾರ್ಪಾಲ್ ಮುಚ್ಚಿಟ್ಟರೆ ಒಳಗಿನ ತೇವದಲ್ಲಿ ಅವು ಹಾಯಾಗಿ ಉಳಿಯುತ್ತವೆ. ಮಕ್ಕಳು ಆ ರಾಶಿಯ ಮೇಲೆ ಹಾರಿ ಆಡದಂತೆ ನೋಡಿ.